ಅತ್ತೆ ಮಾಡದೆ ಬಿಟ್ಟ ಆಣೆ

ಅರಿಸಿನದ ಘಾಟು ಮೂಗಿಗೆ ಬಡಿದರೆ ಈಗಲೂ ನನ್ನ ಕೈ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಜೋಗೇಶ್ವರಿಯ ಚಾಳಿನ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ, ದೇವರ ಮಾಡದೊಳಗೆ, ಭಂಡಾರದ ಹಿತ್ತಾಳೆ ಡಬ್ಬಿಯೊಂದಿತ್ತು. ಊರಿನ ಗುಡಿಯಿಂದ ತಂದ ಅರಿಸಿನ ಪುಡಿ ಅದು. ಹಬ್ಬದ ದಿನ ಹಣೆಗೆ ಹಚ್ಚಿಕೊಂಡರೆ ಪ್ರಸಾದ. ಅದನ್ನೇ ಮುಟ್ಟಿ ಮಾತು ಕೊಟ್ಟರೆ ಆಣೆ. ಆಣೆ ತಪ್ಪಿದರೆ ತಪ್ಪಿದವರಿಗಲ್ಲ, ಅವರ ಮನೆಯ ಮಕ್ಕಳಿಗೆ ತಟ್ಟುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಗಬೇಡಿ, ನಿಮ್ಮ ಮನೆಯಲ್ಲೂ ಮಕ್ಕಳು ಮುಟ್ಟಬಾರದ ಡಬ್ಬಿಯೊಂದು ಇದ್ದೇ ಇದ್ದಿರುತ್ತದೆ. ನನಗಂತೂ ಅದರ ಮುಚ್ಚಳ ಸಪ್ಪಳವಾದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು. ಆ ಮನೆಯಲ್ಲಿದ್ದ ಮಗು ನಾನೊಬ್ಬಳೇ.

ಅಪ್ಪ ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಸೋದರತ್ತೆ ಗಂಗವ್ವ. ಅವಳಿಗೆ ಮಕ್ಕಳಿರಲಿಲ್ಲ. ಜೋಳದ ರೊಟ್ಟಿ ಬಡಿದು ಕಟ್ಟಡದ ಕೆಲಸದವರಿಗೆ ಮಾರುತ್ತಿದ್ದಳು. ಬಾಯಿ ಬಲು ಜೋರು. ನಳದ ಸಾಲಿನಲ್ಲಿ ಅವಳೆದುರು ಯಾರೂ ಸೊಲ್ಲೆತ್ತುತ್ತಿರಲಿಲ್ಲ. ಆ ಬಾಯಿ ನೋಡಿಯೇ ಪಾರ್ಟಿಯವರು ಅವಳನ್ನು ವಾರ್ಡಿನ ಚುನಾವಣೆಗೆ ನಿಲ್ಲಿಸಿದರು, ಅತ್ತೆ ಗೆದ್ದೂಬಿಟ್ಟಳು. ಹಲಗೆ ಬಡಿದರು, ಗುಲಾಲು ಎರಚಿದರು. ಅಧಿಕಾರ ಹಿಡಿಯುವ ಮೊದಲು ಮೈದಾನದಲ್ಲಿ ಜನರೆದುರು ಪ್ರಮಾಣ ಮಾಡಬೇಕು, ಟವರು ಕಟ್ಟಲು ಹೊಂಚುತ್ತಿದ್ದ ಬಿಲ್ಡರನಿಗೆ ಚಾಳು ಒಡೆಯಲು ಬಿಡುವುದಿಲ್ಲವೆಂದು ಹೇಳಬೇಕು ಎನ್ನುತ್ತ ಪಾರ್ಟಿಯ ದಾದಾ ಮನೆಗೆ ಬಂದ. ಅವನೂ ನಮ್ಮ ಕಡೆಯವನೇ. “ಅಕ್ಕಾರ, ದೇವರ ಹೆಸರಿಲೆ ಹೇಳ್ರಿ. ಸ್ಟೇಜ್ ಮ್ಯಾಲೆ ಭಂಡಾರ ಇಡ್ತೀವಿ. ಪಬ್ಲಿಕ್‌ಗೆ ಭರೋಸಾ ಬರಬೇಕಲ್ಲ?” ಎಂದ. ಅತ್ತೆ ನನ್ನ ಕಡೆ ನೋಡಿದಳು. ಅಷ್ಟು ಜೋರಿನ ಹೆಂಗಸಿನ ಕಣ್ಣಲ್ಲಿ ನಾನು ಭಯ ಕಂಡದ್ದು ಅದೇ ಮೊದಲು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

ಆ ದಿನ ಮೈದಾನ ಕಿಕ್ಕಿರಿದಿತ್ತು. ಹೊಸ ಫ್ರಾಕು ತೊಡಿಸಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ವೇದಿಕೆಯ ಮೇಲೆ ತಟ್ಟೆ ತುಂಬ ಭಂಡಾರ; ಗಾಳಿಗೆ ಅದರ ಘಾಟು ನನ್ನ ತನಕ ಬಂತು. ಅತ್ತೆ ಕೈ ಚಾಚಿದಳು. ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಮೈಕಿನಲ್ಲಿ ಹೇಳಿದಳು: “ದೇವರನ್ನ ನಡುವ ತರಂಗಿಲ್ರಿ. ಸಂವಿಧಾನ ಹೇಳಿದಂಗ ನಡಕೊತೀನಿ, ಕೈಲಾದಷ್ಟು ದುಡೀತೀನಿ. ಇದು ನನ್ನ ಮಾತು.” ಹಿಂದಿನಿಂದ ಯಾರೋ ಕೂಗಿದರು, “ಭಗವಾನ್ ಕಾ ನಾಮ್ ಲೇನೇ ಮೇಂ ಶರಮ್ ಆತೀ ಹೈ ಕ್ಯಾ?” ದೇವರ ಹೆಸರೆತ್ತಲು ನಾಚಿಕೆಯಂತೆ, ದೇವರಿಲ್ಲದವಳು, ಬಿಲ್ಡರನಿಗೆ ಮಾರಿಕೊಂಡವಳು ಎಂದು ಗದ್ದಲವೆದ್ದಿತು. ಚಪ್ಪಲಿಯೊಂದು ಹಾರಿ ಬಂತು. ದೇವರಿಗೆ ಕೈಮುಗಿಯದೆ ಗುಟುಕು ನೀರೂ ಕುಡಿಯದವಳಿಗೆ ಆ ಮಾತು! ಅತ್ತೆ ಇಳಿದು ಬಂದು ನನ್ನನ್ನು ಎತ್ತಿಕೊಂಡು ಓಡಿದಳು. ಖೋಲಿಯ ಬಾಗಿಲು ಹಾಕುವಷ್ಟರಲ್ಲಿ ಸೂರಿನ ತಗಡಿನ ಪತ್ರಾದ ಮೇಲೆ ಕಲ್ಲು ಬೀಳತೊಡಗಿದವು. “ಯಾಕ ಆಣಿ ಮಾಡಲಿಲ್ಲ ಅತ್ತಿ?” ಎಂದು ಕೇಳಿದೆ. “ಚಾಳ ಉಳಸೂದು ನನ್ನೊಬ್ಬಾಕಿ ಕೈಯಾಗ ಐತೇನ ಹುಚ್ಚಿ? ಕುರ್ಚಿ ನನಗ, ತಟ್ಟೂದು ನಿನಗ. ಯಾರ ಏನರ ಅನ್ನಲಿ,” ಎಂದು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ಅವಳ ಎದೆ ನನ್ನದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಪಾರ್ಟಿ ಅವಳನ್ನು ಕೈಬಿಟ್ಟಿತು. ಆದರೂ ಬುಲ್ಡೋಜರ್ ಬಂದ ದಿನ ಎದುರು ನಿಂತವಳು ಅತ್ತೆಯೇ. ಚಾಳು ಉಳಿಯಲಿಲ್ಲ, ಕೆಲವು ಮಳೆಗಾಲ ಕಳೆದ ಮೇಲೆ ಅವಳೂ ಉಳಿಯಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ, ನಳದ ಜಗಳ, ಆ ದೇವರ ಮಾಡ ಇದ್ದಲ್ಲಿ ಈಗ ಟವರಿನ ಪಾರ್ಕಿಂಗ್ ಇದೆ. ಅವಳು ಅಂದು ಭಂಡಾರ ಮುಟ್ಟಿದ್ದರೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಡಬ್ಬಿ ನನ್ನ ದಹಿಸರದ ಮನೆಯಲ್ಲಿದೆ, ಮಗಳ ಕೈಗೆ ಎಟುಕದಷ್ಟು ಎತ್ತರದಲ್ಲಿ. ಟಿವಿಯಲ್ಲಿ ಯಾರಾದರೂ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಪದವಿಗೇರುವಾಗ ಜನ ಚಪ್ಪಾಳೆ ತಟ್ಟುತ್ತಾರೆ. ನಾನು ಪ್ರಮಾಣ ಮಾಡುವವರ ಮುಖ ನೋಡುವುದಿಲ್ಲ. ಮುಂದಿನ ಸಾಲಿನಲ್ಲಿ ಹೊಸ ಬಟ್ಟೆ ತೊಟ್ಟು ಕೂತ ಅವರ ಮಕ್ಕಳನ್ನು ನೋಡುತ್ತೇನೆ. ನೋಡುತ್ತಲೇ ನನ್ನ ಮಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ.