ಜ್ವರಕ್ಕೆ ಕೂತ ಆಲೂಗೆಡ್ಡೆ

ಒಲೆಯ ಮೇಲಿನ ಅನ್ನದ ಪಾತ್ರೆಯ ಮುಚ್ಚಳವನ್ನು ಒಂದು ಕುದಿ ಬರುವಷ್ಟರಲ್ಲಿ ಮೂರು ಸಲ ಎತ್ತಿ ನೋಡುವವರ ಗುಂಪಿಗೆ ಸೇರಿದವನು ನಾನು. ನೀವೂ ಆ ಗುಂಪಿನವರಾದರೆ ನಾಚಬೇಕಿಲ್ಲ. ನಿಮ್ಮ ಚಾಪಲ್ಯದಿಂದ ಹೆಚ್ಚೆಂದರೆ ಅನ್ನ ತಡವಾದೀತು. ನನ್ನದರಿಂದ ನನ್ನ ಸಂಶೋಧನೆಯೇ ಹಳ್ಳ ಹಿಡಿಯುವುದರಲ್ಲಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಆಲೂಗೆಡ್ಡೆ ಗಿಡದ ಕುಡಿಯ ತುಣುಕುಗಳನ್ನು ಬಾಟಲಿಯೊಳಗೆ ಸಕ್ಕರೆ ಬೆರೆತ ಪೋಷಕ ದ್ರವ್ಯದ ಮೇಲೆ ನೆಟ್ಟು, ಮಣ್ಣಿನ ಸೋಂಕಿಲ್ಲದೆ ಬಟಾಣಿ ಗಾತ್ರದ ಗೆಡ್ಡೆ ಕಟ್ಟಿಸುವುದು ನನ್ನ ಕೆಲಸ. ಅದು ಯಾರ ಪಲ್ಯಕ್ಕೆ ಸಾಕೆಂದು ನಗಬೇಡಿ. ರೋಗವಿಲ್ಲದ, ಒಂದೇ ತೆರನಾದ ಇಂಥ ಗೆಡ್ಡೆಗಳಿದ್ದರೆ ಯಾವ ತಳಿ ಯಾವ ರೋಗಕ್ಕೆ ಬಗ್ಗುತ್ತದೆಂದು ಮೇಜಿನ ಮೇಲೆಯೇ ಪರೀಕ್ಷಿಸಬಹುದು. ಅವಕ್ಕೆ ಬೇಕಾದ್ದು ತಂಪು ಮತ್ತು ಕತ್ತಲೆ. ನಾನೋ ದಿನಕ್ಕೆರಡು ಬಾರಿ ಬೀರು ತೆರೆದು, ದೀಪ ಹಿಡಿದು ಅವುಗಳ ಯೋಗಕ್ಷೇಮ ವಿಚಾರಿಸುತ್ತಿದ್ದೆ. ಹೀಗಾಗಿ ಎರಡು ಸಲ ನೆಟ್ಟಾಗಲೂ ಎಲೆ ಬಂತು, ಗೆಡ್ಡೆ ಬರಲಿಲ್ಲ. ಮೂರನೆಯ ಪ್ರಯತ್ನವೂ ಕೆಟ್ಟರೆ ಜಾಗ ಖಾಲಿ ಮಾಡಬೇಕಾದೀತೆಂದು ನನ್ನ ಸಂಶೋಧನೆಯ ಮಾರ್ಗದರ್ಶಕರಾದ ಗುರುಗಳು ಸೌಮ್ಯವಾಗಿಯೇ ತಿಳಿಸಿದರು.

ಅಷ್ಟರಲ್ಲಿ ಪ್ರಯೋಗಾಲಯದ ಸೂರು ರಿಪೇರಿಗೆ ಬಂತು. ಮಾಗಿಯ ಚಳಿಯನ್ನೇ ನಂಬಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮೂರನೆಯ ಸಲ ನೆಟ್ಟ ಬಾಟಲಿಗಳನ್ನಿಟ್ಟುಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿ, ಧನಗೆರೆಯ ಸೋದರತ್ತೆ ಮಾದಮ್ಮನ ಮನೆ ಸೇರಿದೆ. ರೇಷ್ಮೆಹುಳು ಸಾಕಿ ಪಳಗಿದ ಅತ್ತೆ ನನ್ನ ಪ್ರಲಾಪವನ್ನೆಲ್ಲ ಕೇಳಿ, ಬಾಟಲಿಗಳನ್ನು ಒಳಗಿನ ಕತ್ತಲೆ ಕೋಣೆಯಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಾನು ಮೈಸೂರಿಗೆ ಮರಳಿದರೂ ಶನಿವಾರ ಶನಿವಾರ ಬಂದು, ಒಂದೇ ಒಂದು ಸಲ ನೋಡುತ್ತೇನೆಂದು ಗೋಗರೆಯುತ್ತಿದ್ದೆ. ಅವಳ ಉತ್ತರ ಒಂದೇ: "ಜ್ವರಕ್ಕೆ ಕೂತಿರೋ ಉಳನ ಯಾರಾರ ಮುಟ್ಟಾರಾ? ಅವೂ ಅಂಗೇ ಅಂದ್ಕೊ. ಉಂಡು ಮನಿಕ್ಕೊ ಓಗ್ಲಾ."

ರೇಷ್ಮೆಹುಳು ಪೊರೆ ಬಿಡುವ ಮುನ್ನ ಸೊಪ್ಪು ಮುಟ್ಟದೆ, ತಲೆಯೆತ್ತಿ ಸ್ತಬ್ಧವಾಗುವುದನ್ನು ನಮ್ಮಲ್ಲಿ ಜ್ವರವೆನ್ನುತ್ತಾರೆ. ಆಗ ಅದಕ್ಕೆ ಮಾಡಬಹುದಾದ ಏಕೈಕ ಉಪಕಾರವೆಂದರೆ ಸುಮ್ಮನಿರುವುದು. ಈ ಶಾಸ್ತ್ರ ನನ್ನ ದಪ್ಪ ಪುಸ್ತಕಗಳಲ್ಲೂ ಇತ್ತು, ಆದರೆ ಅವುಗಳ ಸೊಂಟದಲ್ಲಿ ಕೀಲಿ ಇರಲಿಲ್ಲ.

ಎರಡು ತಿಂಗಳು ಕಳೆದು, ಬಾಟಲಿಗಳನ್ನು ಗುರುಗಳಿಗೆ ಒಪ್ಪಿಸುವ ಹಿಂದಿನ ದಿನ ಬಂತು. ಅತ್ತೆ ತಾನಾಗಿಯೇ ಕೀಲಿಯನ್ನು ನನ್ನ ಕೈಗಿಟ್ಟಳು. ಬೀಗವೇನೋ ತೆಗೆದೆ, ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಅಷ್ಟು ಭಯ ನನಗೆ ಯಾವ ಪರೀಕ್ಷೆಯಲ್ಲೂ ಆಗಿರಲಿಲ್ಲ. ನೋಡುವವರೆಗೆ ನಾನಿನ್ನೂ ಸಂಶೋಧಕ, ನೋಡಿದ ಮೇಲೆ ಏನೋ ಎಂತೋ. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ, ಒಂದು ಬಾಟಲಿಯನ್ನು ಬೆಳಕಿಗೆ ತಂದಳು.

"ಕಟ್ಕಂಡವೆ ಕಣ್ಲಾ! ಇದೊಂದ್ರಲ್ಲೇ ಮೂರವೆ. ನೋಡು ಬಾ."

ತಿಂಗಳುಗಟ್ಟಲೆ ಇಣುಕಿ ಇಣುಕಿ ನೋಡಿದ್ದ ನಾನು ಆ ಹೊತ್ತಿನಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತಿದ್ದೆ.