ದೊಡ್ಡಮ್ಮ ಎಂಬ ಮೀನು ಸತ್ತ ಮೇಲೆ

ಸೂಳಗಿರಿಯಿಂದ ನಮ್ಮೂರಿಗೆ ಹೋಗುವ ದಾರಿಯಲ್ಲಿ ಒಂದು ಕೆರೆಯಿದೆ. ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ವಾರದ ರಜೆ ಬಂತೆಂದರೆ ಗಾಳದ ಕೋಲು ಹೆಗಲಿಗೇರಿಸಿ ನಾನು ಅಲ್ಲಿಗೆ ಹೋಗಿಬಿಡುತ್ತಿದ್ದೆ. ಆರು ದಿನ ಒಂದೇ ಮಿಷನ್ನಿನ ಮುಂದೆ ನಿಂತವನಿಗೆ ನೀರಿನ ಮುಂದೆ ಸುಮ್ಮನೆ ಕೂರುವುದು ಎಂಥ ಸುಖವೆಂದು ಮನೆಯವರಿಗೆ ಹೇಳಿ ತಿಳಿಸಲು ನನಗೆ ಎಂದೂ ಆಗಲಿಲ್ಲ.

ಆ ಕೆರೆಯಲ್ಲಿ ಒಂದು ಕಾಟ್ಲಾ ಮೀನಿತ್ತು. ನಾವು ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ಹೆಸರಿಟ್ಟದ್ದು ಅಂಚೆಟ್ಟಿ ಕಡೆಯ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು. ಮೊದಲ ಸಲ ಅವಳು ಅವರ ದಾರ ಹರಿದುಕೊಂಡು ಹೋದಾಗ ಅವರಿಗೆ ಮೀನಿನ ಬೆನ್ನು ಮಾತ್ರ ಕಂಡಿತ್ತು. ಎರಡನೆಯ ಸಲ ಅವಳು ಅವರ ಕೈಗೇ ಬಂದಳು. ಅಷ್ಟು ದೊಡ್ಡ ಮೀನನ್ನು ಎತ್ತಿಕೊಂಡು ಮನೆಗೆ ಹೋಗುವುದಕ್ಕೆ ಮನಸ್ಸು ಬರಲಿಲ್ಲವಂತೆ. ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟರು. ಅಲ್ಲಿಂದ ಅದೇ ಕಟ್ಟಳೆಯಾಯಿತು. ದೊಡ್ಡಮ್ಮ ಯಾರ ಗಾಳಕ್ಕೆ ಬಿದ್ದರೂ ಒಂದು ಫೋಟೊ ತೆಗೆದು, ನೀರಲ್ಲಿ ಹಿಂದೆ ಮುಂದೆ ಆಡಿಸಿ ಉಸಿರು ಮರಳಿಸಿ ಬಿಡಬೇಕು. ಕೆರೆಯನ್ನು ಗುತ್ತಿಗೆ ಹಿಡಿದವನೂ ಇದಕ್ಕೆ ಒಪ್ಪಿದ್ದ. ವರ್ಷಕ್ಕೊಮ್ಮೆ ಬಲೆ ಎಳೆಯುವಾಗ ಅವಳು ಸಿಕ್ಕರೆ ಅವನೇ ಎತ್ತಿ ಬಲೆಯಾಚೆಗೆ ನೀರಿಗೆ ಬಿಡುತ್ತಿದ್ದ.

ಬರಬರುತ್ತಾ ಅವಳ ಸುದ್ದಿ ದೂರ ಹೋಯಿತು. ಕೃಷ್ಣಗಿರಿಯಿಂದ ಬೈಕಿನಲ್ಲಿ ಬರುತ್ತಿದ್ದರು, ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತಿದ್ದರು. ಹೆಚ್ಚಿನವರು ಬರಿಗೈಲಿ ಹಿಂದಿರುಗುತ್ತಿದ್ದರು. ನನಗೆ ಒಂದೇ ಒಂದು ಸಲ ಸಿಕ್ಕಿದ್ದಳು. ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿಯನ್ನು ಕಲಸಿ ಗಾಳಕ್ಕೆ ಉಂಡೆ ಕಟ್ಟಿದ್ದೆ. ಅವಳು ಎಳೆದ ಎಳೆತಕ್ಕೆ ಕೋಲು ಕೈಯಿಂದ ಜಾರುವುದರಲ್ಲಿತ್ತು. ಕೊನೆಗೆ ದಡಕ್ಕೆ ಬಂದಾಗ ಬಲಗಡೆಯ ತುಟಿ ಹರಿದು ಗಾಯ ಮಾಗಿದ್ದ ಗುರುತು ಕಂಡಿತು. ಬಿಟ್ಟ ಮೇಲೂ ಸ್ವಲ್ಪ ಹೊತ್ತು ನನ್ನ ಕಾಲ ಬಳಿಯೇ ನಿಂತಿದ್ದು, ಆಮೇಲೆ ಅವಸರವಿಲ್ಲದೆ ಆಳಕ್ಕೆ ಹೋದಳು. ಆ ದಿನ ಮನೆಗೆ ಹೋಗಿ ಯಾರೊಡನೆಯೂ ಮಾತಾಡಬೇಕೆನ್ನಿಸಲಿಲ್ಲ. ಅಷ್ಟು ಮನಸ್ಸು ತುಂಬಿಹೋಗಿತ್ತು.

ನಮ್ಮೊಂದಿಗೆ ಒಬ್ಬ ಹೆಂಗಸೂ ಗಾಳ ಹಾಕುತ್ತಿದ್ದಳು. ಕೆರೆಯ ಕೆಳಗೆ ಅವಳ ಗಂಡನ ಹೊಲ. ಅವಳು ಹಸಿರು ಬಲೆಯ ಪರದೆ ಕಟ್ಟಿ ಗುಲಾಬಿ ಬೆಳೆಯುವ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಬಿದಿರು ಕೋಲು, ನೀರ ಮೇಲೆ ತೇಲುವ ನವಿಲುಗರಿಯ ಬೆಂಡು, ಅಷ್ಟೇ ಅವಳ ಸಾಮಾನು. ಸಾರಿಗಾಗುವಷ್ಟು ಮೀನು ಹಿಡಿದು ಎದ್ದುಬಿಡುತ್ತಿದ್ದಳು.

"ಹಿಡ್ದು ಬುಡೋಕೆ ಯಾಕಣ್ಣ ಹಿಡೀಬೇಕು? ನಿಮ್ಗೆ ಬ್ಯಾರೆ ಕ್ಯಾಮೆ ಇಲ್ವಾ?" ಎಂದು ನಗುತ್ತಿದ್ದಳು.

ಆ ಬೇಸಿಗೆ ಕೆರೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಒಂದು ಸಂಜೆ ಮೊದಲ ಮಳೆ ಜೋರಾಗಿ ಹೊಡೆಯಿತು. ಮಾರನೆಯ ದಿನ ನನಗೆ ಬೆಳಗಿನ ಶಿಫ್ಟು. ಫೋನನ್ನು ಲಾಕರಿನಲ್ಲಿ ಇಡಬೇಕೆಂಬುದು ನಮ್ಮಲ್ಲಿ ನಿಯಮ. ಟೀ ಕುಡಿಯಲು ಬಿಟ್ಟಾಗ ತೆಗೆದು ನೋಡಿದರೆ ಆ ಹೆಂಗಸಿನ ನಂಬರಿನಿಂದ ಮೇಲಿಂದ ಮೇಲೆ ಕರೆ ಬಂದಿತ್ತು. ನಾನು ಫೋನು ಮಾಡಿದೆ.

"ಎಲ್ಲಿದ್ದೀಯಣ್ಣ? ಕೆರೇಲಿ ಮೀನೆಲ್ಲಾ ಮ್ಯಾಕ್ ಬಂದ್ಬುಟ್ಟವೆ. ಬಾಯ್ ಬಾಯ್ ಬುಡ್ತವೆ."

"ದೊಡ್ಡಮ್ಮ?"

"ನನ್ ಕೈಲೇ ಅವ್ಳೆ. ನೀರಲ್ಲೇ ನಿಂತಿವ್ನಿ. ನಮ್ಮೆಜಮಾನ್ರು ಫೋನ್ ಹಿಡ್ಕೊಂಡವ್ರೆ. ನೀ ಬಾ."

ಸೂಪರ್‌ವೈಸರ್ ಬಳಿ ಹೋಗಿ ಅರ್ಧ ದಿನ ರಜೆ ಬೇಕೆಂದೆ. ಯಾರಿಗೆ ಏನಾಗಿದೆ ಎಂದು ಅವರು ತಮಿಳಿನಲ್ಲಿ ಕೇಳಿದರು. "ದೊಡ್ಡಮ್ಮನಿಗೆ" ಎಂಬುದಷ್ಟೇ ನನ್ನ ಬಾಯಿಂದ ಬಂತು. "ಪೆರಿಯಮ್ಮಾವಾ? ಸರಿ, ಪೋ" ಎಂದರು. ನನ್ನ ಅಮ್ಮನ ಅಕ್ಕನೆಂದೇ ತಿಳಿದು ಕಳಿಸಿಕೊಟ್ಟರು.

ಕೆರೆ ಏರಿಯ ಮೇಲೆ ಬೈಕು ನಿಲ್ಲಿಸುವಷ್ಟರಲ್ಲಿ ವಾಸನೆ ಮೂಗಿಗೆ ಬಡಿಯಿತು. ನೀರು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ದಡದುದ್ದಕ್ಕೂ ಬೆಳ್ಳಗೆ ಸತ್ತ ಮೀನು, ಹೊಟ್ಟೆ ಮೇಲಾಗಿ. ಆ ಹೆಂಗಸು ಸೊಂಟದ ಮಟ್ಟ ನೀರಲ್ಲಿ ಸೀರೆ ಕಚ್ಚೆ ಕಟ್ಟಿ ನಿಂತಿದ್ದಳು. ದೊಡ್ಡಮ್ಮನನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿರೊಳಗೆ ನೀರು ಹೋಗುವ ಹಾಗೆ ಮುಂದಕ್ಕೆ ಹಿಂದಕ್ಕೆ ಆಡಿಸುತ್ತಿದ್ದಳು. ಬೆಳಗ್ಗೆ ಕೆಲಸಕ್ಕೆ ಹೊರಟವಳು ದಡದಲ್ಲಿ ದೊಡ್ಡಮ್ಮನನ್ನು ಕಂಡು ಊಟದ ಡಬ್ಬಿ ಅಲ್ಲೇ ಇಟ್ಟು ಇಳಿದಿದ್ದಳಂತೆ. ಮಂಡಿನೋವಿನ ಕಂಡಕ್ಟರು ನೀರಿಗಿಳಿಯಲಾರದೆ ದಡದ ಕಲ್ಲಿನ ಮೇಲೆ ಕೂತಿದ್ದರು.

ನಾನು ಪ್ಯಾಂಟು ಶರ್ಟಿನಲ್ಲೇ ಇಳಿದೆ.

"ನಂಗೆ ಕೊಡು. ನೀ ಒಸಿ ದಡಕ್ಕೋಗು."

"ಮೆಲ್ಲಗ್ ಹಿಡ್ಕೊ. ಇನ್ನೂ ಐತೆ ಜೀವ."

ಹೌದು, ಇತ್ತು. ಕಿವಿರಿನ ಮುಚ್ಚಳ ಏಳುತ್ತಿತ್ತು, ಬೀಳುತ್ತಿತ್ತು, ಒಂದಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಏಳುತ್ತಿತ್ತು. ಬಾಲ ಆಗಾಗ ನನ್ನ ತೋಳನ್ನು ಒತ್ತುತ್ತಿತ್ತು. ನೀರು ತಿಳಿಯಾಗಿರುವ ಕಡೆಗೆ ಅವಳನ್ನು ಒಯ್ಯಲು ನೋಡಿದೆ. ತಿಳಿಯಾದ ನೀರು ಎಲ್ಲೂ ಇರಲಿಲ್ಲ. ಉಸಿರಿಗೆಂದು ನಾನು ಅವಳ ಬಾಯಿಗೆ ತುಂಬುತ್ತಿದ್ದದ್ದು ಅದೇ ಕೆಟ್ಟ ನೀರು. ಬೇರೆ ನೀರು ಎಲ್ಲಿಂದ ತರುವುದು? ಯಾರೋ ಟ್ಯಾಂಕರ್ ತರಿಸೋಣವೆಂದರು. ಗುತ್ತಿಗೆಯವನು ಫೋನಿನಲ್ಲಿ ಕೂಗಾಡುತ್ತಾ ಏರಿಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದ. ಟ್ಯಾಂಕರ್ ಬರಲಿಲ್ಲ.

ಬಾಲ ಒತ್ತುವುದು ನಿಂತಾಗ ನನಗೆ ಗೊತ್ತಾಯಿತು. ಆದರೂ ಆಡಿಸುತ್ತಲೇ ಇದ್ದೆ.

"ಇನ್ನೊಸಿ ಆಡ್ಸಪ್ಪ," ಎಂದು ಕಂಡಕ್ಟರು ಕಲ್ಲಿನ ಮೇಲಿಂದ ಹೇಳಿದರು. ಆಡಿಸಿದೆ. ಅವರು ಮತ್ತೆ ಹೇಳಿದರು. ಮತ್ತೆ ಆಡಿಸಿದೆ.

"ಸಾಕು ಬುಡಣ್ಣ," ಎಂದಳು ಆ ಹೆಂಗಸು. "ಅವ್ಳು ಹೋಗ್ಬುಟ್ಳು."

ಹೊಂಗೆ ಮರದ ನೆರಳಿನಲ್ಲಿ ಗೋಣಿಚೀಲ ಹಾಸಿ ಮಲಗಿಸಿದೆವು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನವರೊಬ್ಬರು ಬಂದರು. ಯುಗಾದಿಯ ಸುಮಾರಿಗೆ ಅವಳನ್ನು ಕೊನೆಯದಾಗಿ ಹಿಡಿದು ಬಿಟ್ಟಿದ್ದವರು ಅವರೇ. ಆ ಫೋಟೊ ನಮ್ಮೆಲ್ಲರ ಫೋನಿನಲ್ಲೂ ಇತ್ತು. ಕಾರಿನಿಂದ ಇಳಿದವರು ದೊಡ್ಡಮ್ಮನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅಳತೊಡಗಿದರು. ನೋಡಲು ಬಂದಿದ್ದ ಒಬ್ಬ ಸುಮ್ಮನಿರದೆ ಹೇಳಿದ.

"ನೀವ್ ಹಿಡ್ದಾಗ ಭಾಳ ಹೊತ್ತು ಆಚೆ ಇಟ್ಕೊಂಡಿದ್ರಂತೆ. ಆವತ್ತಿಂದ್ಲೇ ಸೊರಗಿದ್ಳು ಅಂತವ್ರೆ."

ಕಂಡಕ್ಟರು ಕೋಲೂರಿಕೊಂಡು ಬಂದು ಮೀನಿನ ಬಾಯನ್ನು ಬೆರಳಲ್ಲಿ ಬಿಡಿಸಿ ತೋರಿಸಿದರು. ಬಲಗಡೆ ಹರಿದು ಮಾಗಿದ್ದು ನಮಗೆಲ್ಲ ಗೊತ್ತಿತ್ತು. ಎಡಗಡೆಯೂ ಹಾಗೇ ಆಗಿತ್ತು. ಮೇಲ್ದವಡೆಯಲ್ಲಿ ಗಂಟು ಗಂಟಾಗಿ ಹಳೆಯ ಗಾಯಗಳು.

"ಅವ್ರೊಬ್ರ್‌ನ ಯಾಕಂತೀಯ? ಇದ್ನ ಹರ್ದೋರು ನಾವೆಲ್ಲಾನೂವೆ," ಎಂದರು. ಆಮೇಲೆ ಬಾಯಿ ಮುಚ್ಚಿ, ಮುಚ್ಚಿಕೊಂಡೇ ಇರಲೆಂಬಂತೆ ಸ್ವಲ್ಪ ಹೊತ್ತು ಬೆರಳಿನಿಂದ ಒತ್ತಿ ಹಿಡಿದಿದ್ದರು.

ಉಳಿದ ಮೀನುಗಳಿಗೆಂದು ಗುತ್ತಿಗೆಯವನು ಜೆಸಿಬಿ ತರಿಸಿ ದೊಡ್ಡ ಗುಂಡಿ ತೋಡಿಸಿದ. ಇದನ್ನೂ ಅದರಲ್ಲೇ ಹಾಕಲೇ ಎಂದು ಡ್ರೈವರು ಕೇಳಿದ. ಬೇಡವೆಂದೆವು. ಹೊಂಗೆ ಮರದ ಬುಡದಲ್ಲಿ ನಾನು ಮತ್ತು ಬೆಂಗಳೂರಿನವರು ಸೇರಿ ಸನಿಕೆಯಿಂದ ಬೇರೆ ಗುಂಡಿ ತೆಗೆದೆವು. ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು, "ಚೇಪಕಾ?" ಎಂದು ತೆಲುಗಿನಲ್ಲಿ ಕೇಳಿದಳು. ಹೌದು, ಮೀನಿಗೇ ಎಂದೆ. ಅವಳು ನಗಲಿಲ್ಲ. ತಲೆಯಾಡಿಸಿ ಮುಂದೆ ಹೋದಳು.

ಗಾಳದವರ ಫೋನ್ ಗುಂಪಿನಲ್ಲಿ ಒಂದು ವಾರ ಅದೇ ಮಾತು. ಕೈ ಮುಗಿದ ಚಿತ್ರಗಳು, ಹೂವಿನ ಚಿತ್ರಗಳು. ಅವಳನ್ನು ಒಮ್ಮೆಯೂ ಕಾಣದವರು ಉದ್ದುದ್ದ ಬರೆದರು. ತೂಕ ಅಷ್ಟಿರಲಿಲ್ಲ, ವಯಸ್ಸು ಅಷ್ಟಾಗಿರಲಿಲ್ಲ ಎಂದು ಕೆಲವರು ಜಗಳಕ್ಕೆ ನಿಂತರು. ಸತ್ತದ್ದು ಬೇರೆ ಮೀನು, ದೊಡ್ಡಮ್ಮ ಇನ್ನೂ ಒಳಗಿದ್ದಾಳೆ ಎಂದು ಒಬ್ಬ ಹಟ ಹಿಡಿದ. ಒಂದು ಕ್ಷಣ ಅವನನ್ನು ನಂಬಬೇಕೆನ್ನಿಸಿತು, ನನ್ನ ತೋಳಿನಲ್ಲೇ ಅವಳು ಹೋಗಿದ್ದರೂ. ಕೊನೆಗೆ ಯಾರೋ, "ಇನ್ನು ಯಾವ ಕೆರೇಲಿ ದೊಡ್ಡ ಮೀನೈತೆ?" ಎಂದು ಕೇಳಿದರು. ಅದಕ್ಕೆ ಹತ್ತಾರು ಉತ್ತರ ಬಂದವು. ನಾನು ಗುಂಪಿನಿಂದ ಹೊರಗೆ ಬಂದೆ.

ನೀರಿಗೆ ಏನಾಗಿತ್ತೆಂದು ಯಾರೂ ಖಚಿತವಾಗಿ ಹೇಳಲಿಲ್ಲ. ಬಿಸಿಲಿಗೆ ಕಾದ ಕೆಸರು ಮಳೆಗೆ ಕದಡಿತೆಂದು ಕೆಲವರು, ಮೋರಿಯಿಂದ ಏನೋ ಹರಿದು ಬಂತೆಂದು ಕೆಲವರು. ಪರೀಕ್ಷೆಗೆಂದು ಯಾರೋ ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರು. ಏನೂ ತಿಳಿದುಬರಲಿಲ್ಲ. ಆ ಹೆಂಗಸಿನ ಕಾಲುಗಳಲ್ಲಿ ಗುಳ್ಳೆಯೆದ್ದು ವಾರಗಟ್ಟಲೆ ತುರಿಸಿತು. ಗುಳ್ಳೆ ಒಣಗಿದರೂ ಕಪ್ಪು ಕಲೆ ಹೋಗಲಿಲ್ಲ. ಅವಳು ಮತ್ತೆ ಗಾಳ ಹಾಕಲಿಲ್ಲ. ಮನೆಯಲ್ಲಿ ಮೀನಿನ ಸಾರು ಮಾಡಿದರೆ ತನಗೆ ಒಳಗೆ ಇಳಿಯುವುದಿಲ್ಲ ಎಂದಳು.

ಕಂಡಕ್ಟರನ್ನು ನೋಡಲು ಒಂದು ಭಾನುವಾರ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು.

"ಬಸ್ಸಲ್ಲಿದ್ದಾಗ ಎಷ್ಟು ಜನ ಹತ್ತುದ್ರು, ಎಷ್ಟು ಜನ ಇಳುದ್ರು. ಒಬ್ರ ಮುಖಾನೂ ನೆಪ್ಪಿಲ್ಲ. ಅವ್ಳ ಮುಖ ಕಣ್ಮುಂದೇನೇ ಐತೆ," ಎಂದರು.

"ಹೊಸ ಮರಿ ಬುಟ್ರೆ ಅವೂ ಬೆಳೀತವೆ, ಬುಡಿ," ಎಂದೆ. ಹೇಳುವಾಗಲೇ ನನ್ನ ಮಾತು ನನಗೇ ಟೊಳ್ಳಾಗಿ ಕೇಳಿಸಿತು.

"ಅವು ಅಷ್ಟು ದೊಡ್ದಾಗೋಗಂಟ ನಾನಿರಲ್ಲ. ನೀರೂ ಇರಲ್ಲ ಕಣಪ್ಪ."

ಅವರ ಸೊಸೆ ಕೊಟ್ಟ ಕಾಫಿ ಕುಡಿದು ಎದ್ದೆ.

ಮಳೆಗಾಲ ಮುಗಿದು ಕೆರೆಗೆ ಹೊಸ ನೀರು ಬಂದ ಮೇಲೆ ಒಮ್ಮೆ ಹೋದೆ. ಗುತ್ತಿಗೆಯವನು ಕೆರೆ ಬಿಟ್ಟುಕೊಟ್ಟಿದ್ದ, ಬೇರೆ ಯಾರೂ ಗುತ್ತಿಗೆ ಹಿಡಿದಿರಲಿಲ್ಲ. ಹಳೆಯ ಜಾಗದಲ್ಲೇ ಕೂತು ದಾರ ಎಸೆದೆ. ಹಿಂದೆಲ್ಲ ಏನೂ ಸಿಗದ ದಿನವೂ ಅವಳು ಕೆಳಗೆಲ್ಲೋ ಓಡಾಡುತ್ತಿದ್ದಾಳೆ ಎಂಬುದೇ ಸಾಕಾಗಿತ್ತು. ಈಗ ಬೆಂಡನ್ನು ನೋಡುತ್ತಾ ಕೂತಿದ್ದರೂ ನಾನು ಯಾವುದಕ್ಕೂ ಕಾಯುತ್ತಿಲ್ಲ ಎಂಬುದು ತಿಳಿಯಿತು.

ಕೃಷ್ಣಗಿರಿ ಕಡೆಯವನೊಬ್ಬ ಹೊಸ ಕೋಲು ಕಟ್ಟಿಕೊಂಡು ಬೈಕಿನಲ್ಲಿ ಬಂದ.

"ಇಲ್ಲಿ ಭಾರಿ ಕಾಟ್ಲಾ ಐತಂತಲ್ಲಣ್ಣ?"

"ಸತ್ತೋಯ್ತು."

"ಒಂದೇನಾ ಇದ್ದಿದ್ದು?"

ಹೌದು ಎಂದೆ. ಅವನು ಸ್ವಲ್ಪ ದೂರದಲ್ಲಿ ಕೂತು ಉಂಡೆ ಕಲಸತೊಡಗಿದ. ಅವನು ದಾರ ಎಸೆಯುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ. ನನ್ನದನ್ನು ಸುತ್ತಿಕೊಂಡು ಹೊರಟೆ. ಅದಾದ ಮೇಲೆ ಆ ಕಡೆ ಹೋಗಿಲ್ಲ. ಈಗ ಶಿಫ್ಟು ಮುಗಿಸಿ ಬರುವಾಗ ಕೆರೆ ಕಾಣದ ಬಳಸು ದಾರಿಯಲ್ಲಿ ಬರುತ್ತೇನೆ.