ಕೋತಿ ಪಾಲು

ಭಾನುವಾರ ಬೆಳಿಗ್ಗೆ ಸವಿತ ಹೊಸ ಹುಣಸೆಹಣ್ಣನ್ನು ಚಾಪೆಯ ಮೇಲೆ ಸುರಿದುಕೊಂಡು ಬೀಜ ಬಿಡಿಸುತ್ತಿದ್ದಳು. ನಾನು ಪಕ್ಕದ ಮೆಟ್ಟಿಲ ಮೇಲೆ ಫೋನು ಹಿಡಿದು ಕುಳಿತಿದ್ದೆ. ಆ ವಾಸನೆಗೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಕಿವಿ ಬಿಸಿಯಾಗುತ್ತದೆ. ಹುಣಸೆಗೂ ಕಿವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಿಧಾನವಾಗಿ ಹೇಳುತ್ತೇನೆ. ಆತುರದಲ್ಲಿ ಮಾತಾಡಿಯೇ ನಾನು ಒಮ್ಮೆ ಕೆಟ್ಟಿದ್ದೇನೆ.

ಮೊದಲು ಫೋನಿನ ವಿಷಯ. ತಾಂಡ್ಯದ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಮಹದೇವ ಮೂರು ವಾರದಿಂದ ಒಂದು ಷೇರಿನ ಬೆನ್ನು ಹತ್ತಿದ್ದಾನೆ. ಕ್ಯಾಂಟೀನಿನಲ್ಲಿ ತಟ್ಟೆಗಿಂತ ಮೊದಲು ಫೋನನ್ನು ಮೇಜಿನ ಮೇಲೆ ಇಡುತ್ತಾನೆ.

"ನೋಡ್ಲಾ, ನಾನ್ ತಕಂಡಾಗ ನಾನೂರು. ಇವತ್ತು ಏಳ್ನೂರು. ನೀನು ಆ ಬೆಂಕಿಪೊಟ್ಟಣದ ಕಂಪ್ನಿ ಷೇರು ಮಡಿಕ್ಕಂಡು ಪೂಜೆ ಮಾಡ್ತಾ ಕೂತಿರು."

"ಆ ಕಂಪ್ನಿ ಏನ್ ಮಾಡ್ತದೆ ಮಹದೇವ?"

"ಅದೇನೋ ಬ್ಯಾಟ್ರಿದು ಕಣ್ಲಾ. ಏನ್ ಮಾಡುದ್ರೆ ನಿಂಗೇನು? ಏರ್ತಾ ಅದಲ್ಲ!"

ನನ್ನ ಬೆಂಕಿಪೊಟ್ಟಣದ ಷೇರುಗಳು ಸವಿತ ರವಿಕೆ ಹೊಲಿದು ಉಳಿಸಿದ ದುಡ್ಡು. ಒಂಬತ್ತನೆಯ ತರಗತಿಯಲ್ಲಿರುವ ಮಗಳು ಮುಂದೆ ನರ್ಸಿಂಗ್ ಓದುತ್ತೇನೆ ಎನ್ನುತ್ತಾಳೆ, ಅದಕ್ಕೆಂದು ಇಟ್ಟದ್ದು. ಏಳು ವರ್ಷದಲ್ಲಿ ಅವು ಎತ್ತಿನ ಗಾಡಿಯ ಹಾಗೆ ಸಾಗಿ ಬಂದಿವೆ. ಸೋಮವಾರ ಷೇರು ಪೇಟೆ ತೆರೆದ ಕೂಡಲೇ ಎಲ್ಲವನ್ನೂ ಮಾರಿ ಮಹದೇವನ ಷೇರಿಗೆ ಹಾಕುವುದೆಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಸವಿತಳಿಗೆ ಹೇಳಿರಲಿಲ್ಲ. ಏರಿದ ಮೇಲೆ ಹೇಳೋಣ ಎಂಬ ಲೆಕ್ಕ. ಅಷ್ಟರಲ್ಲಿ ಈ ಹುಣಸೆಯ ವಾಸನೆ.

ಸವಿತಳ ತಂದೆ, ನನ್ನ ಮಾವ, ನರಸೀಪುರದಲ್ಲಿದ್ದರು. ಹುಣಸೆ ಮರದ ಫಸಲನ್ನು ಗುತ್ತಿಗೆ ಹಿಡಿಯುವುದು ಅವರ ಕಸುಬು. ಕಾಯಿ ಇನ್ನೂ ಹಸಿರಾಗಿರುವಾಗಲೇ ಮರ ನೋಡಿ, ಮಾಲೀಕನಿಗೆ ಇಷ್ಟು ಎಂದು ದುಡ್ಡು ಕೊಟ್ಟುಬಿಡಬೇಕು. ಹಣ್ಣಾದ ಮೇಲೆ ಮರ ಬಡಿಸಿ ಮಾರಿಕೊಳ್ಳಬೇಕು. ನಡುವೆ ಏನಾದರೂ ಅದು ಹಿಡಿದವನ ಹಣೆಬರಹ. ಮದುವೆಯಾದ ಹೊಸದರಲ್ಲಿ ನಾನು ವಾರದ ರಜೆಗೆ ನಂಜನಗೂಡಿನಿಂದ ಬಸ್ಸು ಹತ್ತಿ ಅವರ ಜೊತೆ ಮರ ನೋಡಲು ಹೋಗುತ್ತಿದ್ದೆ. ಅಳಿಯನ ಉಪಚಾರದ ಊಟ ನಿಜವಾದ ಕಾರಣ, ಮರ ನೆಪ.

ಮರದ ಸುತ್ತ ಮೂರು ಸುತ್ತು ಬರುವುದು ಅವರ ಕ್ರಮ. ಮೊದಲ ಸುತ್ತಿನಲ್ಲಿ ಒಂದು ಕೊಂಬೆ ಆರಿಸಿ ಅದರ ಕಾಯಿಗಳನ್ನು ಎಣಿಸುವರು, ಆಮೇಲೆ ಕೊಂಬೆಗಳನ್ನು. ಎರಡನೆಯ ಸುತ್ತಿನಲ್ಲಿ ಕತ್ತು ಬಗ್ಗಿಸಿ ನೆಲ ನೋಡುವರು: ಉದುರಿದ ಕಾಯಿ, ಕೋತಿ ಕಚ್ಚಿ ಎಸೆದ ಕಾಯಿ. ಮೂರನೆಯ ಸುತ್ತಿನಲ್ಲಿ ಏನನ್ನೂ ನೋಡುತ್ತಿರಲಿಲ್ಲ, ಸುಮ್ಮನೆ ನಡೆಯುವರು.

"ಮಾವ, ಈ ಸುತ್ತು ಯಾಕೆ?"

"ಆಸೆ ಇಳೀಲಿ ಅಂತ ಅಳಿಯಂದ್ರೆ. ಒಳ್ಳೆ ಮರ ನೋಡುದ್ರೆ ನಂಗೂ ಮೈ ಬಿಸಿ ಆಯ್ತದೆ."

ಆಮೇಲೆ ಬೆಲೆ ಕಟ್ಟುವರು. ಮರದಲ್ಲಿ ಇಷ್ಟು ಮೂಟೆ ಎಂದು ತಮಗೆ ಕಂಡದ್ದರಲ್ಲಿ ಮೂರನೆಯ ಒಂದು ಭಾಗ ತೆಗೆದುಬಿಡುವರು. ಅದಕ್ಕೆ ಅವರಿಟ್ಟ ಹೆಸರು 'ಕೋತಿ ಪಾಲು'. ಕೋತಿಯೇ ತಿನ್ನಬೇಕೆಂದಿಲ್ಲ. ಗಾಳಿ, ಮಳೆ, ಇಳಿದ ದರ, ಎಲ್ಲವೂ ಅದರಲ್ಲಿ ಬಂತು. "ನನ್ ಕಣ್ಣು ತಪ್ಪಿರ್ತದಲ್ಲ, ಅದೂವೆ ಒಂದು ಕೋತಿ" ಎನ್ನುತ್ತಿದ್ದರು. ಉಳಿದ ಎರಡು ಭಾಗಕ್ಕೆ ಬೆಲೆ ಕಟ್ಟಿ, ಸಾವಿರಕ್ಕೊಂದರಂತೆ ಹೆಗಲ ಮೇಲಿನ ಟವೆಲಿನ ಅಂಚಿನ ದಾರಗಳಲ್ಲಿ ಗಂಟು ಹಾಕಿ, ಆಮೇಲಷ್ಟೇ ಮಾಲೀಕನ ಜಗಲಿ ಹತ್ತುವರು. ಅವನು ಹೇಳಿದ್ದು ಗಂಟಿನೊಳಗಿದ್ದರೆ ಮಾತು. ಮೀರಿದರೆ ಕಾಫಿ ಕುಡಿದು ಎದ್ದು ಬರುವರು. ಒಮ್ಮೆ ಹಾಕಿದ ಗಂಟನ್ನು ದಾರಿಯಲ್ಲಿ ಹೆಚ್ಚು ಕಡಿಮೆ ಮಾಡುವಂತಿಲ್ಲ. ಮನೆಗೆ ಬಂದ ಮೇಲೆ ಬಿಚ್ಚಬೇಕು, ಬಿಚ್ಚುವ ಕೆಲಸ ಚಿಕ್ಕಂದಿನಿಂದಲೂ ಸವಿತಳದು.

ಮೊದಲು ಮಾಲೀಕನ ಬೆಲೆ ಕೇಳಿ ಆಮೇಲೆ ಮರ ನೋಡಿದರೆ ಸಮಯ ಉಳಿಯುತ್ತದಲ್ಲ ಎಂದು ನಾನು ಒಮ್ಮೆ ಬುದ್ಧಿ ಹೇಳಿದ್ದೆ. ಮಾವ ನಕ್ಕರು. "ಬೆಲೆ ಕೇಳ್ಬುಟ್ಟು ನೋಡುದ್ರೆ ಮರವೇ ದೊಡ್ಡದಾಗಿ ಕಾಣ್ತದೆ ಕಣಪ್ಪ." ಮಾವಿನ ಫಸಲಿನಲ್ಲಿ ಒಳ್ಳೆಯ ಲಾಭವಂತೆ ಎಂದರೆ, "ಇರ್ಬೋದು. ಮಾವಿನ್ ಮರ ನನ್ ಕೂಡೆ ಮಾತಾಡಕಿಲ್ಲ." ಮರ ಹಿಡಿದ ಮೇಲೆ ಮಂಡಿಗೆ ಫೋನು ಮಾಡಿ ದಿನದಿನದ ದರ ಕೇಳೋಣ ಎಂದರೆ, "ದಿನಾ ಕೇಳುದ್ರೆ ಕಾಯಿ ಎಚ್ಚಾಯ್ತವಾ?" ಹಳೆಯ ಕಾಲದವರು, ಪಾಪ, ಎಂದುಕೊಳ್ಳುತ್ತಿದ್ದೆ. ನಾನು ಡಿಪ್ಲೊಮಾ ಮಾಡಿದವನು.

ಒಂದು ವರ್ಷ ಮಾವನಿಗೆ ಕಣ್ಣಿನ ಆಪರೇಷನ್ ಆಯಿತು. ಮುಡುಕುತೊರೆ ದಾರಿಯಲ್ಲಿ ಮಾದಪ್ಪ ಎಂಬವರ ಹೊಲದ ಬದುವಿನಲ್ಲಿ ಆರು ಮರಗಳಿದ್ದವು. ಆಪರೇಷನ್ನಿಗೆ ಮುಂಚೆಯೇ ಮಾವ ಅವುಗಳ ಸುತ್ತ ಮೂರು ಸುತ್ತು ಬಂದು ಏಳು ಗಂಟು ಹಾಕಿದ್ದರು. ಮಾತು ಮುಗಿಸಿ ಬರಲು ಆ ಟವೆಲನ್ನು ನನ್ನ ಹೆಗಲಿಗೆ ಹಾಕಿ ಕಳಿಸಿದರು. ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು: "ಮರ ನಿಮ್ದಾಗ್ದೇ ಓದ್ರೂ ಪರ್ವಾಗಿಲ್ಲ."

ಮಾದಪ್ಪನವರ ಜಗಲಿಯಲ್ಲಿ ಆಗಲೇ ಕೊಳ್ಳೇಗಾಲದ ಕಡೆಯ ವ್ಯಾಪಾರಿಯೊಬ್ಬ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಚಿನ್ನದ ಬಣ್ಣದ ಕಟ್ಟಿನ ಕನ್ನಡಕ, ಹೊಸ ಬೈಕು. ಆ ವರ್ಷ ಹುಣಸೆಗೆ ಚಿನ್ನದ ದರ ಬರುತ್ತದೆ ಎಂದು ಎಲ್ಲ ಕಡೆ ಮಾತಿತ್ತು. ಅವನು ಆ ಮರಗಳನ್ನು ನೋಡಿದ್ದನೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಏಳು ಎಂದೆ. ಅವನು ಎಂಟು ಎಂದ. ಅಲ್ಲಿಗೆ ನಾನು ಎದ್ದು ಬರಬೇಕಿತ್ತು. ಅವನು ನನ್ನ ಟವೆಲಿನ ಕಡೆ ನೋಡಿ, "ಏನ್ ಸಾ, ಗಂಟೆಲ್ಲ ಮುಗ್ದೋದ್ವಾ?" ಎಂದ.

ನನ್ನ ಕಿವಿ ಬಿಸಿಯಾಯಿತು. ಒಂಬತ್ತು ಎಂದೆ. ಅವನು ಹತ್ತು. ನಾನು ಹನ್ನೊಂದು. ನನ್ನ ಬಾಯಿಂದ ಬಂದ ಆ ಸಂಖ್ಯೆಯನ್ನು ನಾನು ಬೇರೆಯವರ ಮಾತಿನಂತೆ ಕೇಳಿಸಿಕೊಂಡೆ. ಅವನು ಮೆತ್ತಗೆ ನಕ್ಕು, "ಮಡಿಕ್ಕಳಿ ಸಾ, ನಿಮ್ದೇ" ಎಂದು ಬೈಕು ಹತ್ತಿ ಹೋದ. ನಾನು ಗೆದ್ದಿದ್ದೆ. ಹೊರಗೆ ಬಂದು ಬದುವಿನ ಕಡೆ ನೋಡಿದರೆ, ಸುಳ್ಳು ಹೇಳುವುದಿಲ್ಲ, ಆರೂ ಮರಗಳು ಚಿಕ್ಕದಾಗಿ ಕಂಡವು.

ಮಾವನ ಮನೆಗೆ ಬಂದಾಗ, ಅಪ್ಪನ ಆಪರೇಷನ್ನಿಗೆಂದು ಬಂದಿದ್ದ ಸವಿತ ವಾಡಿಕೆಯಂತೆ ಗಂಟು ಬಿಚ್ಚಲು ಕುಳಿತಳು. "ಎಷ್ಟಕ್ಕಾಯ್ತು?" ಎಂದಳು. ಹೇಳಿದೆ. ಅವಳ ಬೆರಳು ನಿಂತಿತು. ಆಮೇಲೆ ಏಳು ಗಂಟುಗಳನ್ನೂ ಬಿಚ್ಚಿ ಟವೆಲನ್ನು ತಂತಿಯ ಮೇಲೆ ಹಾಕಿದಳು.

ಮರ ಬಡಿಯುವ ವಾರ ಮಳೆ ಬಂತು. ದರವೂ ಏರದೆ ಎಂದಿನದೇ ಆಯಿತು. ಕೂಲಿ ಕಳೆದು ಬಂದದ್ದು ಏಳಕ್ಕೂ ಮುಟ್ಟಲಿಲ್ಲ. ದುಡ್ಡು ಅಲ್ಲಿ ಸಿಕ್ಕಿಕೊಂಡದ್ದರಿಂದ ಮಾವ ಪ್ರತಿವರ್ಷ ಹಿಡಿಯುತ್ತಿದ್ದ ಸೋಮನಾಥಪುರದ ಎರಡು ಮರಗಳನ್ನು ಆ ಸಲ ಬಿಟ್ಟರು. ಆದರೂ ಒಂದು ದಿನ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದರು. ಬೇರೆ ಯಾರೋ ಆ ಮರಗಳನ್ನು ಬಡಿಸುತ್ತಿದ್ದರು. ಮಾವ ರಸ್ತೆ ಬದಿಯಲ್ಲಿ ನಿಂತು, ಬಂಧುಗಳ ಮನೆಯ ಮಕ್ಕಳನ್ನು ನೋಡುವ ಹಾಗೆ ನೋಡಿದರು. ನಾನು ಏನೋ ಕ್ಷಮೆಯ ಮಾತು ತೊದಲಿದೆ.

"ಬುಡಿ ಅಳಿಯಂದ್ರೆ," ಎಂದರು. "ಮರ ನಿಮ್ಗೆ ಸುಳ್ಳೇಳ್ನಿಲ್ಲ. ನೀವು ಮರ ನೋಡ್ನೇ ಇಲ್ಲ, ಅವನ್ ಕನ್ನಡ್ಕ ನೋಡುದ್ರಿ." ಆಮೇಲೆ, "ಚೆನ್ನಾಗಿತ್ತಾ ಕನ್ನಡ್ಕ? ನಂಗೂ ಒಂದು ಬೇಕು" ಎಂದು ನನ್ನ ಬೆನ್ನು ತಟ್ಟಿದರು. ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಮಾವ ಹೋಗಿ ಐದು ವರ್ಷವಾಯಿತು. ಈ ಭಾನುವಾರ ನಾನು ಮೆಟ್ಟಿಲ ಮೇಲೆ ಕುಳಿತೇ ಮಹದೇವನ ಕಂಪನಿಯ ಸುತ್ತ ಮೂರು ಸುತ್ತು ಬಂದೆ. ಅದರ ವಾರ್ಷಿಕ ವರದಿ ಫೋನಿನಲ್ಲೇ ಸಿಕ್ಕಿತು. ಮೊದಲ ಸುತ್ತಿನಲ್ಲಿ ಅದು ದುಡಿಯುವುದೆಷ್ಟು ಎಂದು ನೋಡಿದೆ. ಎರಡನೆಯದರಲ್ಲಿ ಅದರ ಸಾಲ, ಉದುರಿದ ಕಾಯಿ. ಅರ್ಧ ನನಗೆ ತಿಳಿಯಲಿಲ್ಲ. ಬ್ಯಾಟರಿ ನನ್ನ ಕೂಡ ಮಾತಾಡುವುದಿಲ್ಲ. ಮೂರನೆಯ ಸುತ್ತಿಗೆ ಫೋನು ಒಳಗಿಟ್ಟು ಹೊಳೆಯ ತನಕ ನಡೆದು ಬಂದೆ. ಎಷ್ಟು ಧಾರಾಳವಾಗಿ ಹಿಡಿದರೂ ಒಂದು ಷೇರು ನಾನೂರೈವತ್ತು ಬಾಳುತ್ತದೆ ಅನ್ನಿಸಿತು. ಕೋತಿ ಪಾಲು ತೆಗೆದರೆ ಮುನ್ನೂರು. ನೂರಕ್ಕೊಂದರಂತೆ ಕರ್ಚೀಫಿನ ಮೂರು ಮೂಲೆಗೆ ಮೂರು ಗಂಟು ಹಾಕಿ ಜೇಬಿಗಿಟ್ಟುಕೊಂಡೆ.

ಸೋಮವಾರ ಕ್ಯಾಂಟೀನಿನಲ್ಲಿ ಮಹದೇವ ಫೋನನ್ನು ನನ್ನ ಮುಖಕ್ಕೆ ಹಿಡಿದ. "ಏಳ್ನೂರಾ ನಲ್ವತ್ತು ಕಣ್ಲಾ! ತಕಂಡ್ಯಾ?"

"ಇಲ್ಲ."

"ನೀನು ಉದ್ಧಾರ ಆಗಕಿಲ್ಲ ಬುಡು."

ನನ್ನ ಕಿವಿ ಬಿಸಿಯಾಯಿತು. ಜೇಬಿನೊಳಗೆ ಗಂಟುಗಳನ್ನು ಒತ್ತಿ ಹಿಡಿದು ಅನ್ನ ಸಾರು ಮುಗಿಸಿದೆ. ಆ ಷೇರು ಸಾವಿರಕ್ಕೂ ಹೋಗಬಹುದು. ನನಗೆ ಗೊತ್ತಿಲ್ಲ. ಹೋದರೆ ಹೊಟ್ಟೆ ಉರಿಯುತ್ತದೆ, ಅದೂ ಗೊತ್ತು.

ಸಂಜೆ ಒಗೆಯುವ ಬಟ್ಟೆ ತೆಗೆಯುವಾಗ ಕರ್ಚೀಫು ಸವಿತಳ ಕೈಗೆ ಸಿಕ್ಕಿತು. ತಿರುಗಿಸಿ ನೋಡಿದಳು. ಮಾಡಬೇಕೆಂದಿದ್ದುದನ್ನೆಲ್ಲ ಅವಳಿಗೆ ಹೇಳಿದೆ. ಮಗಳ ದುಡ್ಡಿನ ಮಾತು ಬಂದಾಗ ಅವಳ ಬೆರಳು ನಿಂತಿತು, ಅಂದು ನಿಂತ ಹಾಗೆಯೇ.

"ಮೂರು ಗಂಟು. ಅವ್ರು ಕೇಳಿದ್ದು?"

"ಏಳೂವರೆ ಹತ್ರ."

"ಎದ್ದ್ ಬಂದ್ರಾ?"

"ಬಂದೆ."

ಅವಳು ಮೆಟ್ಟಿಲ ಮೇಲೆ ಕುಳಿತಳು. "ಮುಂದಿನ್ ಸಲ ಗಂಟ್ ಆಕಕ್ ಮುಂಚೆ ನಂಗೇಳಿ" ಎಂದಳು. ಹುಣಸೆಯಿಂದ ಕಪ್ಪಾದ ಉಗುರುಗಳಲ್ಲಿ ಎರಡು ಗಂಟು ಬಿಚ್ಚಿದಳು. ಮೂರನೆಯದು ನಾನು ದಿನವಿಡೀ ಒತ್ತಿ ಹಿಡಿದು ಬಿಗಿದುಹೋಗಿತ್ತು. ಹಲ್ಲಿನಿಂದ ಕಚ್ಚಿ ಸಡಿಲಿಸಿದಳು. ಕೊಡವಿ, ಮಡಿಸಿ, ಒಗೆಯಲು ಹಾಕದೆ ನನ್ನ ಕೈಗೇ ಕೊಟ್ಟಳು. ಮುಖ ಒರೆಸಿಕೊಂಡೆ. ಹುಣಸೆಯ ವಾಸನೆ. ಎಷ್ಟೋ ವರ್ಷದ ಮೇಲೆ, ಬಾಯಲ್ಲಿ ನೀರೂರಿತು.